ಹನ್ನೆರಡು ವೋಲ್ಟಿನ ರೈಲು

ನಮ್ಮ ಮನೆಯ ಹಿಂಬಾಗಿಲು ಗಾಳಿಗೆ ಬಡಿಯದಿರಲೆಂದು ಒಂದು ಕಬ್ಬಿಣದ ಪೆಟ್ಟಿಗೆಯನ್ನು ಅಡ್ಡ ಇಟ್ಟಿದ್ದೇನೆ. ಬೂದು ಬಣ್ಣ, ಮೇಲೊಂದು ಹಿಡಿಕೆ, ಮುಖದಲ್ಲಿ ಎರಡು ಚಪ್ಪಟೆ ತೂತು. ಬಂದವರು ಅದಕ್ಕೆ ಹೆಬ್ಬೆರಳು ಬಡಿಸಿಕೊಂಡು, "ಇದೆಂತ ಮಾರಾಯ್ತಿ, ಬಾಂಬಾ?" ಎಂದು ಕೇಳುತ್ತಾರೆ. ಬಾಂಬಲ್ಲ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ನಮ್ಮ ಗೋಡೆಯೊಳಗಿನ ಇನ್ನೂರ ಮೂವತ್ತು ವೋಲ್ಟನ್ನು ನೂರ ಹತ್ತಕ್ಕೆ ಇಳಿಸಿ ಕೊಡುವುದು ಅದರ ಕೆಲಸವಾಗಿತ್ತು. ಈಗ ನಿವೃತ್ತಿಯಾಗಿ ಬಾಗಿಲು ಕಾಯುತ್ತದೆ. ನಿವೃತ್ತರಾದವರಲ್ಲಿ ಇಷ್ಟು ನಿಷ್ಠೆಯಿಂದ ಬಾಗಿಲಲ್ಲಿ ಕೂತವರನ್ನು ನಾನು ಕಂಡಿಲ್ಲ.

ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯ ಎಷ್ಟೋ ಮನೆಗಳಲ್ಲಿ ಒಂದು ಕಾಲಕ್ಕೆ ಇಂಥ ಪೆಟ್ಟಿಗೆ ಇರುತ್ತಿತ್ತು. ಸೌದಿಯ ಕೆಲವು ಊರುಗಳಲ್ಲಿ ಮನೆಯ ಕರೆಂಟು ನೂರ ಹತ್ತು. ಅಲ್ಲಿಂದ ಬರುವ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಪ್ ರೆಕಾರ್ಡರುಗಳೂ ನೂರ ಹತ್ತು. ರಜೆಯಲ್ಲಿ ಬಂದವನು ಪೆಟ್ಟಿಗೆಯ ಹಗ್ಗ ಕತ್ತರಿಸುವ ಸಂಭ್ರಮದಲ್ಲಿ, ಸುತ್ತ ನಿಂತ ಅಷ್ಟೂ ಮಂದಿಯ ಎದುರು, ವಸ್ತುವನ್ನು ನೇರ ಗೋಡೆಗೆ ಸಿಕ್ಕಿಸುತ್ತಿದ್ದ. ಒಂದು ಟುಸ್, ಸ್ವಲ್ಪ ಹೊಗೆ, ಮೀನು ಸೀದುಹೋದಂಥ ವಾಸನೆ. ಮಾರನೆಯ ದಿನ ಸ್ಟೆಪ್‌ಡೌನ್ ಪೆಟ್ಟಿಗೆ ಮನೆಗೆ ಬರುತ್ತಿತ್ತು. ಸುಡುವ ಮೊದಲೇ ಪೆಟ್ಟಿಗೆ ತಂದವರ ಹೆಸರು ನಾನು ಕೇಳಿಲ್ಲ. ಆ ವಾಸನೆಯಿಂದಲೇ ನೆರೆಯವರು "ಹೋ, ಬಂದನಾ?" ಎಂದು ಗುರುತಿಸುತ್ತಿದ್ದರು ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಅದು ನಾನು ಈಗ ಸೇರಿಸಿದ್ದು. ಇಂಥವನ್ನು ಸೇರಿಸುತ್ತಾ ಹೋದರೆ ನೆನಪು ಚೆಂದವಾಗುತ್ತದೆ, ಹಾಗಾಗಿಯೇ ನಂಬಲಾಗುವುದಿಲ್ಲ. ನೀವೂ ನನ್ನ ಮೇಲೆ ಒಂದು ಕಣ್ಣಿಟ್ಟಿರಿ.

ಈ ಪೆಟ್ಟಿಗೆ ಸುಡದೆ ಉಳಿಸಬೇಕಾಗಿದ್ದದ್ದು ಒಂದು ಆಟಿಕೆ ರೈಲನ್ನು.

ರೈಲು ಎಂದರೆ ನನಗೆ ಮೊದಲು ನೆನಪಾಗುವುದು ಕಾರ್ಕಳದ ನಮ್ಮ ಶಾಲೆಯ ಅಂಗಳ. ಮುಂದಿನವರ ಅಂಗಿಯ ಹಿಂಬದಿ ಹಿಡಿದು ಸಾಲಾಗಿ ಓಡುವ ಆಟ. ನಾನು ಯಾವಾಗಲೂ ಕೊನೆಯ ಡಬ್ಬಿ. ಸೋರುವ ಮೂಗನ್ನು ನಾನು ಅಂಗಿಗೇ ಒರೆಸಿಕೊಳ್ಳುತ್ತಿದ್ದುದರಿಂದ ಅದನ್ನು ಹಿಡಿಯುವುದಕ್ಕಿಂತ ನನ್ನನ್ನು ಹಿಂದೆ ಹಾಕುವುದೇ ಎಲ್ಲರಿಗೂ ಕ್ಷೇಮವಾಗಿತ್ತು. ನಮ್ಮಲ್ಲಿ ಯಾರೂ ರೈಲು ನೋಡಿರಲಿಲ್ಲ. ಹಾಗಾಗಿ ನಮ್ಮ ರೈಲಿಗೆ ಒಬ್ಬ ಕಂಡಕ್ಟರ್ ಇರುತ್ತಿದ್ದ. ಅವನು ತಗಡು ಬಡಿದು "ಹೋಲ್ಡೇನ್" ಎಂದರೆ ನಿಲ್ಲುವುದು, "ರೈಟ್ ಪೋಯಿ" ಎಂದರೆ ಹೊರಡುವುದು. ಹಿರಿಯಡ್ಕದಲ್ಲಿ ಹತ್ತು ನಿಮಿಷ ಚಾ ಕುಡಿಯಲು ನಿಲುಗಡೆಯೂ ಇತ್ತು. ಟಾರ್ಚಿನ ಸೆಲ್ಲನ್ನು ತಂತಿ ಹಿಡಿದು ನಾಲಿಗೆಗೆ ತಾಗಿಸಿ, ಚುರ್ ಎಂದರೆ ಜೀವ ಉಂಟು, ಸಪ್ಪೆ ಎಂದರೆ ಸತ್ತಿದೆ ಎಂದು ನಾನು ಕಲಿತದ್ದೂ ಆ ವಯಸ್ಸಿನಲ್ಲೇ. ಅದರ ಮೇಲೆ ಇಷ್ಟು ವರ್ಷ ಹೊಟ್ಟೆ ಹೊರೆದಿದ್ದೇನೆ. ಮಣಿಪಾಲದ ಒಂದು ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ನಾನು ಹುಡುಗರಿಗೆ ಕಲಿಸಿದ್ದು ಅದನ್ನೇ, ನಾಲಿಗೆಯ ಬದಲು ಮೀಟರು ಇಟ್ಟುಕೊಂಡು.

ಒಂದು ಮಧ್ಯಾಹ್ನ ಆ ಲ್ಯಾಬಿನ ಬಾಗಿಲಲ್ಲಿ ಬುರ್ಖಾದ ಹೆಂಗಸೊಬ್ಬಳು ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದಳು. ಕರಾವಳಿಗೆ ರೈಲು ಬಂದು ಹೆಚ್ಚು ಕಾಲ ಆಗಿರಲಿಲ್ಲ. ಜನ ಇನ್ನೂ ಸಂಜೆ ಹೊತ್ತು ಇಂದ್ರಾಳಿಯ ಸ್ಟೇಷನ್ನಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಗಾಡಿ ತೋರಿಸಿ ವಾಪಸು ಬರುತ್ತಿದ್ದ ದಿನಗಳು.

"ಗುರುತು ಸಿಗಲಿಲ್ವಾ?" ಎಂದಳು. "ಗ್ಯಾಲ್ವನೋಮೀಟರ್ ಒಡೆದದ್ದು ನೆನಪುಂಟಾ?"

ನಫೀಸಾ! ಹಿರಿಯಡ್ಕದಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಬರುತ್ತಿದ್ದಳು. ಪಿಯುಸಿಯ ಎರಡು ವರ್ಷ ಫಿಸಿಕ್ಸ್ ಲ್ಯಾಬಿನಲ್ಲಿ ನನ್ನ ಜೊತೆಗಾತಿ. ಅವಳು ತಂತಿ ಜೋಡಿಸುತ್ತಿದ್ದಳು, ನಾನು ಉತ್ತರ ಬರೆಯುತ್ತಿದ್ದೆ. ಅವಳ ಕೈಯ ಕೆಲಸಕ್ಕೆ ನನ್ನ ಅಕ್ಷರಕ್ಕೆ ಸಿಕ್ಕಷ್ಟು ಮಾರ್ಕು ಸಿಗಲಿಲ್ಲ. ಪಿಯುಸಿ ಮುಗಿದ ಮೇಲೆ ಅವಳಿಗೆ ಕಾಪುವಿಗೆ ಮದುವೆಯಾಯಿತು. ಗಂಡ ಹಮೀದ್, ಸೌದಿಯಲ್ಲಿ. ಮದುವೆಯ ಊಟಕ್ಕೆ ಹೋದ ಮೇಲೆ ನಾನು ಅವಳನ್ನು ನೋಡಿರಲಿಲ್ಲ.

ಮುಂದಿನ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಮನೆಯಲ್ಲಿ ಅವರದು ಬ್ಯಾರಿ, ನನ್ನ ಜೊತೆ ತುಳು. ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಹಾಗಾಗಿ ಇಲ್ಲಿ ಯಾರೂ ಅವರು ಆಡಿದ ಮಾತನ್ನೇ ಆಡುತ್ತಿಲ್ಲ. ಆದರೂ ದನಿ ಅವರದೇ.

ರಟ್ಟಿನ ಪೆಟ್ಟಿಗೆಯೊಳಗೆ ಕರಿಕಲಾದ ಒಂದು ಕಂಟ್ರೋಲರ್ ಇತ್ತು. ಆಟಿಕೆ ರೈಲಿನ ಹಳಿಗೆ ಕರೆಂಟು ಕೊಡುವ, ಗುಂಡಿ ತಿರುಗಿಸಿದರೆ ವೇಗ ಹೆಚ್ಚು ಕಡಿಮೆ ಮಾಡುವ ಡಬ್ಬ. ಹಮೀದ್ ಕೆಲಸ ಮಾಡುತ್ತಿದ್ದ ಆಟಿಕೆ ಅಂಗಡಿಯ ಶೋಕೇಸಿನಲ್ಲಿ ವರ್ಷಗಟ್ಟಲೆ ಓಡಿದ ರೈಲಂತೆ ಅದು. ಅಂಗಡಿ ಹೊಸತು ಮಾಡುವಾಗ ಮಾಲೀಕ ಹಳಿ, ಇಂಜಿನು, ಡಬ್ಬಿ ಎಲ್ಲ ಕಟ್ಟಿ ಇವನಿಗೆ ಕೊಟ್ಟಿದ್ದ. ಇವನು ಅದನ್ನು ಕಾಪುವಿಗೆ ತಂದು, ಅಂಗಳ ತುಂಬ ಜನ ಸೇರಿಸಿ, ನೇರ ಗೋಡೆಗೆ ಸಿಕ್ಕಿಸಿದ್ದ. ಸುಟ್ಟ ಮೇಲೆ ತರಿಸಿದ, ಕೆಲಸವಿಲ್ಲದ ಸ್ಟೆಪ್‌ಡೌನ್ ಪೆಟ್ಟಿಗೆಯೇ ಆಮೇಲೆ ನನ್ನ ಹಿಂಬಾಗಿಲಿಗೆ ಬಂದದ್ದು.

"ನಿನಗೆ ಗೊತ್ತಿರಲಿಲ್ವಾ, ನೂರ ಹತ್ತು ಅಂತ?"

"ನನಗೆ ಗೊತ್ತಿತ್ತು. ಹೇಳಲಿಕ್ಕೆ ಬಾಯಿ ತೆರೆಯುವಾಗ ಹೊಗೆ ಬಂತು."

ಆಮೇಲೆ ಅವಳು ನಿಜವಾದ ವಿಷಯ ಹೇಳಿದಳು. ಬೀಚಿಗೆ ಹೋಗುವ ರಸ್ತೆಯಲ್ಲಿ ಅವರ ಮನೆ. ಮುಂದಿನ ಚಾವಡಿಯನ್ನು ಹಮೀದ್ ಜ್ಯೂಸ್ ಅಂಗಡಿ ಮಾಡಿದ್ದ. ಗಿರಾಕಿಗಳ ತಲೆಯ ಮೇಲೆ, ನಾಲ್ಕೂ ಗೋಡೆಗೆ ಹಲಗೆ ಹೊಡೆದು, ಅದರ ಮೇಲೆ ರೈಲು ಸುತ್ತಬೇಕು. "ಜ್ಯೂಸ್ ಅಂಗಡಿ ಪ್ರತಿ ತಿರುವಿಗೂ ಉಂಟು, ರೈಲಿನ ಜ್ಯೂಸ್ ಅಂಗಡಿ ಎಲ್ಲಿ ಉಂಟು ಹೇಳು" ಎಂದು ಅವನು ಎಲ್ಲರ ಬಾಯಿ ಮುಚ್ಚಿಸಿದ್ದ. ರಜೆಯ ಮೇಲೆ ಬಂದವನ ವೀಸಾ ಇನ್ನೂ ಜೀವಂತವಾಗಿತ್ತು. ಹೇಳಿದ ದಿನದೊಳಗೆ ವಾಪಸು ಹೋದರೆ ಕೆಲಸ ಉಂಟು, ತಪ್ಪಿದರೆ ಇಲ್ಲ.

"ರೈಲು ಓಡಿದರೆ ಇಲ್ಲಿ, ಓಡದಿದ್ದರೆ ಅಲ್ಲಿ ಅಂತ ಇವರು ಹೇಳುವುದು," ಎಂದಳು ನಫೀಸಾ.

"ತಮಾಷೆಗೆ ಹೇಳಿರಬೇಕು."

"ತಮಾಷೆಗೇ. ಮದುವೆಯಾಗಿ ಮೂರನೇ ವಾರ 'ಒಂದ್ಸಲ ಹೋಗಿ ಬರ್ತೇನೆ' ಅಂದದ್ದೂ ತಮಾಷೆಗೇ. ಇವರ ತಮಾಷೆಯಲ್ಲೇ ನನ್ನ ಅರ್ಧ ಆಯುಷ್ಯ ಹೋಯ್ತು." ರಟ್ಟಿನ ಪೆಟ್ಟಿಗೆಯನ್ನು ನನ್ನ ಕಡೆ ನೂಕಿ, "ನೀನು ಇಷ್ಟು ದೊಡ್ಡ ಕಾಲೇಜಿನಲ್ಲಿ ಎಂತ ಮಾಡುವುದು? ಫ್ಯಾನಿನ ಸ್ವಿಚ್ ಹಾಕುವುದಾ? ಇದೊಂದು ಸರಿ ಮಾಡಿ ಕೊಡು, ಮಾರಾಯ್ತಿ" ಎಂದಳು.

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂಬುದಕ್ಕೆ ನನ್ನಲ್ಲಿ ನಾಲ್ಕೈದು ಕಾರಣಗಳಿವೆ. ಎಲ್ಲವೂ ಆಮೇಲೆ ಹುಟ್ಟಿದವು. ಆಗ ಇದ್ದ ಒಂದೇ ಕಾರಣವೆಂದರೆ, ರೈಲಿನ ಆಟದಲ್ಲಿ ಇಂಜಿನಿನ ಹತ್ತಿರ ಹೋಗಲು ನನಗೆ ಮೊದಲ ಸಲ ಅವಕಾಶ ಸಿಕ್ಕಿತ್ತು.

ಮೊದಲ ಕಂಟ್ರೋಲರನ್ನು ನಾನು ಹುರುಪಿನಲ್ಲೇ ಮಾಡಿದೆ. ಇಲ್ಲಿಯ ಕರೆಂಟಿಗೆ ಸರಿಯಾದ ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, ವೇಗಕ್ಕೆ ತಿರುಗಿಸುವ ಗುಂಡಿ, ಹಿಂದೆ ಮುಂದೆ ಓಡಿಸಲು ಒಂದು ಸ್ವಿಚ್ಚು. ಕರೆಂಟಿನ ದಾರಿಯಲ್ಲಿ ರಿಕ್ಷಾದ ಒಂದು ಬಲ್ಬನ್ನೂ ಕೂರಿಸಿದೆ. ಹಳಿಯ ಮೇಲೆ ಚಮಚವೋ ಮೊಳೆಯೋ ಬಿದ್ದು ಶಾರ್ಟ್ ಆದರೆ, ಸುಡುವ ಕಷ್ಟವನ್ನು ಬಲ್ಬು ತನ್ನ ಮೇಲೆ ಹಾಕಿಕೊಂಡು ಹೊತ್ತಿ ನಿಲ್ಲುತ್ತದೆ, ಉಳಿದದ್ದು ಬಚಾವು. ಕಾಪುವಿಗೆ ಹೋಗಿ ಜೋಡಿಸಿದ ದಿನ ನಿಜವಾಗಿಯೂ ಒಂದು ಐಸ್‌ಕ್ರೀಮ್ ಚಮಚ ಹಳಿಗೆ ಅಡ್ಡ ಇತ್ತು. ಬಲ್ಬು ಝಗ್ಗೆಂದಿತು. ಹಮೀದನ ತಾಯಿ, ಎಲ್ಲರೂ ಉಮ್ಮ ಎಂದೇ ಕರೆಯುವ ಮುದುಕಿ, ಒಳಗಿನಿಂದ ಬಂದು ಬಲ್ಬು ನೋಡಿ ಎರಡೂ ಕೈಯೆತ್ತಿ ದುವಾ ಮಾಡಿದರು.

"ಉಮ್ಮ, ಬಲ್ಬ್ ಹೊತ್ತಿದರೆ ತಪ್ಪು ಅಂತ ಅರ್ಥ," ಎಂದೆ.

"ಬೆಳಕು ಬಂದರೆ ತಪ್ಪು ಅಂತ ಯಾವ ಕಾಲೇಜಿನಲ್ಲಿ ಕಲಿಸುವುದು ಮಗಳೇ?" ಎಂದರು.

ಚಮಚ ತೆಗೆದ ಮೇಲೆ ರೈಲು ಓಡಿತು. ಹಸಿರು ಇಂಜಿನು, ಹಿಂದೆ ಡಬ್ಬಿಗಳು. ನಫೀಸಾ ಈಗಲೂ ಇಂಜಿನು ಕೆಂಪು ಎಂದು ವಾದಿಸುತ್ತಾಳೆ. ರೈಲು ಫ್ರಿಜ್ಜಿನ ಮೇಲಿಂದ, ಕಿಟಕಿಯ ಮೇಲಿಂದ, ಬಾಗಿಲ ಚೌಕಟ್ಟಿನ ಮೇಲಿಂದ ಸುತ್ತು ಹಾಕಿತು. ಹಮೀದ್ ಬಾಯಿ ತೆರೆದು ಕತ್ತೆತ್ತಿ ಅದರ ಜೊತೆಗೇ ತಿರುಗಿದ. ತಲೆಸುತ್ತು ಬಂದು ಕೂತುಬಿಟ್ಟ. ನನಗೆ ಅಕ್ಕಿರೊಟ್ಟಿಯಂಥ ಪತ್ತಿರಿ, ಕೋಳಿ ಸಾರು, ಮೇಲೆ ದೊಡ್ಡ ಲೋಟದಲ್ಲಿ ಹಣ್ಣಿನ ರಸ. ಮಣಿಪಾಲಕ್ಕೆ ಹಿಂದಿರುಗುವ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆನೆಂದು ತೋರುತ್ತದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಮರುದಿನ ಬೆಳಿಗ್ಗೆಯೇ ಲ್ಯಾಬಿನ ಆಫೀಸಿಗೆ ಫೋನು. "ಓಡುವುದಿಲ್ಲ," ಎಂದಳು ನಫೀಸಾ. ಅವಳ ದನಿಯಲ್ಲಿ ದೂರಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಇಲ್ಲಿಂದ ಮುಂದಿನ ಕೆಲವು ವಾರಗಳು ನನ್ನ ತಲೆಯಲ್ಲಿ ಕಲಸಿಹೋಗಿವೆ. ಮಳೆ ಸುರಿಯುತ್ತಿತ್ತೆಂದು ನೆನಪು ಹಟ ಹಿಡಿಯುತ್ತದೆ. ಒದ್ದೆ ಕೊಡೆಯನ್ನು ಅಂಗಡಿಯ ಮೂಲೆಯಲ್ಲಿ ಒರಗಿಸಿಟ್ಟದ್ದು ಕಣ್ಣಿಗೆ ಕಟ್ಟಿದೆ. ಆದರೆ ಅದು ಚಳಿಗಾಲವೇ ಆಗಿರಬೇಕು, ಚಳಿಗಾಲ ಅಲ್ಲದಿದ್ದರೆ ಮುಂದೆ ನಡೆದದ್ದು ನಡೆಯುವಂತಿರಲಿಲ್ಲ. ಕೊಡೆ ಬೇರೆ ಯಾವುದೋ ವರ್ಷದ್ದು, ದಾರಿ ತಪ್ಪಿ ಇಲ್ಲಿಗೆ ಬಂದಿದೆ. ಇರಲಿ ಬಿಡಿ.

ವಿಷಯ ಹೀಗಿತ್ತು. ಬೆಳಿಗ್ಗೆ ರೈಲು ಅಲುಗುವುದಿಲ್ಲ. ಬಿಸಿಲೇರಿದ ಮೇಲೆ, ಕೈಯಲ್ಲಿ ನೂಕಿ ನೂಕಿ ಕೊಟ್ಟರೆ, ಮುಗ್ಗರಿಸುತ್ತ ಹೊರಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಸುಮಾರಾಗಿ ಓಡುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಸತ್ತಿರುತ್ತದೆ. ನಾನು ರಜೆಯ ದಿನಗಳಲ್ಲಿ, ಮಧ್ಯಾಹ್ನದ ಬಸ್ಸಿಗೆ ಹೋಗಿ ನೋಡುತ್ತಿದ್ದೆ. ಮೀಟರಿನ ಕಡ್ಡಿಗಳನ್ನು ಹಳಿಗೆ ಒತ್ತಿ ಹಿಡಿದರೆ ಹನ್ನೆರಡು ವೋಲ್ಟು ಸರಿಯಾಗಿ ತೋರಿಸುತ್ತದೆ. ಹಾಗಾದರೆ ಕಂಟ್ರೋಲರ್ ಸರಿ, ಹಳಿ ಸರಿ. ಇಂಜಿನನ್ನು ಲ್ಯಾಬಿಗೆ ಒಯ್ದು ನೇರ ತಂತಿ ಕೊಟ್ಟರೆ ಚಕ್ರಗಳು ಗಿರ್ರೆಂದು ತಿರುಗುತ್ತವೆ. ಹಾಗಾದರೆ ಇಂಜಿನೂ ಸರಿ. ಮೂವರೂ ಬಿಡಿಬಿಡಿಯಾಗಿ ಸಜ್ಜನರು, ಒಂದೇ ಮನೆಯಲ್ಲಿ ಇಟ್ಟರೆ ಬಾಳುವುದಿಲ್ಲ. ಇಂಥ ಕುಟುಂಬಗಳನ್ನು ನೀವೂ ನೋಡಿರುತ್ತೀರಿ.

ಬೆಳಿಗ್ಗೆ ವೋಲ್ಟೇಜು ಬೀಳುತ್ತಿರಬೇಕು ಎಂದುಕೊಂಡೆ. ಆ ಹೊತ್ತಿಗೆ ಸಾಲುಮನೆಗಳ ಬಾವಿಯ ಪಂಪುಗಳೆಲ್ಲ ಒಟ್ಟಿಗೇ ಶುರುವಾಗುತ್ತವಲ್ಲ. ಸ್ಟೆಬಿಲೈಸರ್ ಇಡಿಸಿದೆ. ಪ್ರಯೋಜನವಾಗಲಿಲ್ಲ. ಕಂಟ್ರೋಲರು ಭಾರ ಬಿದ್ದಾಗ ಕುಸಿಯುತ್ತಿರಬಹುದು ಎಂದು ದಪ್ಪ ಟ್ರಾನ್ಸಿಸ್ಟರ್ ಹಾಕಿ ಎರಡನೆಯದನ್ನು ಮಾಡಿದೆ. ಆಮೇಲೆ, ಕರೆಂಟನ್ನು ತುಂಡು ತುಂಡು ಮಾಡಿ ನೂಕಿ ಕೊಡುವ ಮೂರನೆಯದು. ಅದರಿಂದ ಇಂಜಿನಿಗೆ ಬಿಕ್ಕಳಿಕೆ ಬಂತು. ನನ್ನ ಮೇಜಿನ ಮೇಲೆ ಒಂದರ ಹಿಂದೊಂದು ಏಳುತ್ತಿದ್ದ ಡಬ್ಬಗಳನ್ನು ನೋಡಿ ವಿದ್ಯಾರ್ಥಿಗಳು, "ಮೇಡಂ, ಇಂದ್ರಾಳಿಗೆ ಟ್ರಾನ್ಸ್‌ಫರ್ ಆಯ್ತಾ?" ಎಂದು ಕೇಳತೊಡಗಿದರು. ನನಗೆ ಒಳಗೊಳಗೇ ಖುಷಿಯೂ ಆಗುತ್ತಿತ್ತು. ಮೂರನೆಯ ಡಬ್ಬವಂತೂ ಬಹಳ ಸುಂದರವಾಗಿತ್ತು. ಅದು ಓಡಿಸದಿದ್ದುದು ರೈಲನ್ನು ಮಾತ್ರ.

ಹಳಿಯನ್ನು ಒರೆಸಿ ನೋಡಬೇಕೆಂದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆದಿತ್ತು. ಕೌಂಟರಿನ ಕೆಳಗೆ ಮಡಚಿಟ್ಟ ಬಿಳಿ ಬಟ್ಟೆಯೊಂದು ಇರುತ್ತಿತ್ತು. ಹೋದಾಗಲೆಲ್ಲ ಅದರಿಂದ ನಾನು ಹಳಿಯನ್ನು ಚೆನ್ನಾಗಿ ತಿಕ್ಕಿ ಒರೆಸುತ್ತಿದ್ದೆ. ಹಳಿ ಹೊಳೆಯುತ್ತಿತ್ತು.

ಪಕ್ಕದಲ್ಲಿ ಆಗ ಒಂದು ಮನೆ ಕಟ್ಟುತ್ತಿದ್ದರು. ಗದಗದ ಕಡೆಯಿಂದ ಬಂದ ಯಲ್ಲಪ್ಪ ಎಂಬ ಗಾರೆಯವನು ಬಿದಿರಿನ ಸಾರದ ಮೇಲೆ ನಿಂತರೆ ಅಂಗಡಿಯ ಕಿಟಕಿಯೊಳಗೆ ನೋಡುತ್ತಿದ್ದ. ದಿನಾ ಬೆಳಿಗ್ಗೆ ಅವನದೊಂದು ಪ್ರಶ್ನೆಯಂತೆ: "ಏನ್ರೀ ಸಾಹೇಬ್ರ, ಇವತ್ತೂ ಗಾಡಿ ಲೇಟ್ ಐತೇನ್ರೀ?" ಹಮೀದ್ ಮೊದಮೊದಲು, "ಲೈನ್ ಕ್ಲಿಯರ್ ಇಲ್ಲ ಮಾರಾಯ" ಎನ್ನುತ್ತಿದ್ದ. ಬರಬರುತ್ತ ಉತ್ತರ ಕೊಡುವುದು ನಿಲ್ಲಿಸಿದ. ಅಂಗಡಿ ತೆರೆದಿರಲಿಲ್ಲ. ಬೋರ್ಡು ಬರೆಸಿದ್ದು ಗೋಡೆಗೆ ಮುಖ ಮಾಡಿ ನಿಂತಿತ್ತು. ರೈಲು ಓಡದೆ ರೈಲಿನ ಜ್ಯೂಸ್ ಅಂಗಡಿಯ ಬೋರ್ಡು ಹೇಗೆ ತೂಗಿಸುವುದು?

ಒಂದು ದಿನ ನಾನು ಹೋದಾಗ ಅವನು ಸೂಟ್‌ಕೇಸಿನ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ.

"ಟಿಕೇಟು ಮಾಡಿಸಿದೆ ಟೀಚರೇ," ಎಂದ. "ಬರುವ ವಾರ, ಉಡುಪಿಯಿಂದ ಮುಂಬೈಗೆ ರೈಲು. ಅಲ್ಲಿಂದ ವಿಮಾನ."

"ಹಮೀದ್‌ಭಾಯಿ, ಇನ್ನೊಂದು ಸಲ ನೋಡುವ. ನಾನು ನಾಲ್ಕನೆಯದು..."

"ಬೇಡ ಟೀಚರೇ. ನೀವು ಎಷ್ಟು ಮಾಡುವುದು? ಸಣ್ಣ ರೈಲು ಬೇಡ ಅಂತ ಹೇಳ್ತದೆ, ದೊಡ್ಡ ರೈಲು ಬಾ ಅಂತ ಹೇಳ್ತದೆ. ನಾನೆಂತ ಮಾಡಲಿ?" ನಗಲು ನೋಡಿದ. "ಕೆಲಸ ಬಿಟ್ಟು ಕೂತು, ಅಂಗಡಿಯೂ ನಡೆಯದೆ, ನಾಳೆ ಇವಳ ಮುಖ ಹೇಗೆ ನೋಡುವುದು?"

ನಫೀಸಾ ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಅಲ್ಲಿಂದಲೇ, "ನನ್ನ ಮುಖ ಫೋಟೋದಲ್ಲಿ ನೋಡಿಯೇ ಅಭ್ಯಾಸ ಅಲ್ವಾ, ಅದರಲ್ಲೇ ನೋಡಿ" ಎಂದಳು. ಆಮೇಲೆ ಪಾತ್ರೆಯ ಸದ್ದೂ ನಿಂತಿತು.

ಆಗ ನನಗೆ ನನ್ನ ಸುಂದರವಾದ ಡಬ್ಬಗಳೆಲ್ಲ ಎಷ್ಟು ತಮಾಷೆಯಾಗಿ ಕಂಡವು ಎಂದು ಹೇಳಲಾರೆ. ವಾರಗಟ್ಟಲೆ ನಾನು ಮಧ್ಯಾಹ್ನ ಬಂದು ಬೆಳಗಿನ ರೋಗಕ್ಕೆ ಮದ್ದು ಮಾಡಿದ್ದೆ. ರೋಗಿ ನರಳುವ ಹೊತ್ತಿಗೆ ಒಮ್ಮೆಯೂ ಪಕ್ಕದಲ್ಲಿ ಇರಲಿಲ್ಲ. ಭಾನುವಾರ ಮೊದಲ ಬಸ್ಸು ಹಿಡಿದೆ.

ನಾನು ಕಾಪುವಿನಲ್ಲಿ ಇಳಿಯುವಾಗ ಬೆಳಕು ಆಗಷ್ಟೇ ಹರಿದಿತ್ತು. ಕಡಲ ಕಡೆಯಿಂದ ತಣ್ಣಗಿನ ಗಾಳಿ ಬೀಸುತ್ತಿತ್ತು. ನಮ್ಮಲ್ಲಿ ಚಳಿ ಎಂದರೆ ಹಾಸ್ಯ, ಆದರೂ ಆ ಕೆಲವು ದಿನ ಸೆರಗು ಹೊದೆಯಬೇಕಾಗುತ್ತದೆ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ, ಬೆಳಗಿನ ನಮಾಜು ಮುಗಿಸಿ ಬಂದ ಉಮ್ಮ ಒಂದು ಸ್ಟೂಲಿನ ಮೇಲೆ ನಿಂತಿದ್ದರು. ಕೈಯಲ್ಲಿ ಒಂದು ಕುಪ್ಪಿ. ಅದನ್ನು ಎರಡೂ ಅಂಗೈ ನಡುವೆ ಇಟ್ಟು ಉಜ್ಜಿ ಉಜ್ಜಿ ಬಿಸಿ ಮಾಡುತ್ತಿದ್ದರು. ಕುಪ್ಪಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿದ ತೆಂಗಿನೆಣ್ಣೆ. ಸ್ವಲ್ಪ ಕರಗಿದ್ದನ್ನು ಬಿಳಿ ಬಟ್ಟೆಗೆ, ನನ್ನ ಆ ಬಿಳಿ ಬಟ್ಟೆಗೇ, ಸುರಿದುಕೊಂಡು, ಏನೋ ಓದುತ್ತ, ಹಳಿಗೆ ಹಚ್ಚುತ್ತಿದ್ದರು. ಎಳೆಮಗುವಿನ ಕಾಲು ನೀವುವ ಹಾಗೆ, ಒಂದು ಚೂರೂ ಬಿಡದೆ. ಒಂದು ಬದಿ ಮುಗಿದ ಮೇಲೆ ಇಳಿದು, ಸ್ಟೂಲು ಸರಿಸಿ, ಮತ್ತೆ ಹತ್ತಿದರು. ಆ ವಯಸ್ಸಿನಲ್ಲಿ.

ನಾನು ಹೊಸ್ತಿಲಲ್ಲೇ ನಿಂತೆ. ಎಲ್ಲ ಒಟ್ಟಿಗೆ ತಿಳಿಯಿತು, ಆದರೂ ತಿಳಿದದ್ದಕ್ಕೆ ಸಂತೋಷವಾಗಲು ಹೊತ್ತು ಹಿಡಿಯಿತು. ಎಣ್ಣೆ ಕರೆಂಟನ್ನು ಬಿಡುವುದಿಲ್ಲ. ಚಳಿಗೆ ಹೆಪ್ಪುಗಟ್ಟಿದರೆ ಹಳಿಗೂ ಚಕ್ರಕ್ಕೂ ನಡುವೆ ಮೇಣದ ಪೊರೆ ನಿಂತ ಹಾಗೆ. ನನ್ನ ಮೀಟರಿನ ಕಡ್ಡಿಗೆ ಸೂಜಿಯಂಥ ಮೊನೆ, ಅದು ಪೊರೆಯನ್ನು ತೂರಿ ಲೋಹ ಮುಟ್ಟಿ "ಹನ್ನೆರಡು ವೋಲ್ಟು ಉಂಟು" ಎನ್ನುತ್ತಿತ್ತು. ರೈಲಿನ ದುಂಡು ಚಕ್ರ ಪಾಪ, ಹಗುರ. ಅದು ಪೊರೆಯ ಮೇಲೇ ಕೂತಿರುತ್ತಿತ್ತು. ಬಿಸಿಲೇರಿ ಎಣ್ಣೆ ಕರಗಿ, ನೂಕಿ ನೂಕಿ ಸವೆದ ಮೇಲೆ ಅಷ್ಟಿಷ್ಟು ದಾರಿ ಸಿಗುತ್ತಿತ್ತು. ಇನ್ನು ನಾನು, ಒರೆಸುವುದೆಂದುಕೊಂಡು, ಹೋದಾಗಲೆಲ್ಲ ಅವರ ಎಣ್ಣೆ ಬಟ್ಟೆಯಿಂದಲೇ ಇನ್ನೊಂದು ಕೈ ಹಚ್ಚಿ ಬಂದಿದ್ದೆ. ವಾಸನೆ ತಿಳಿಯಲಿಲ್ಲವೇ ಎಂದರೆ, ತೆಂಗಿನೆಣ್ಣೆಯ ವಾಸನೆ ನಮ್ಮ ಕಡೆಯವರಿಗೆ ವಾಸನೆಯೇ ಅಲ್ಲ. ನನ್ನ ತಲೆಗೂದಲೇ ಅದರಲ್ಲಿ ಮಿಂದು ಬಂದಿರುತ್ತಿತ್ತು.

"ಯಾರು, ಟೀಚರಾ? ಇಷ್ಟು ಬೇಗ?" ಉಮ್ಮ ತಿರುಗಿದರು.

"ಇದೆಂತ ಮಾಡುವುದು ಉಮ್ಮ?"

"ಉಪ್ಪುಗಾಳಿ ಅಲ್ವಾ ಮಗಳೇ. ಇಲ್ಲಿ ಕತ್ತರಿಗೆ, ಬಾಗಿಲ ತಿರುಗಣೆಗೆ, ಬಾವಿಯ ರಾಟೆಗೆ ಎಲ್ಲದಕ್ಕೂ ನಾನೇ ಹಾಕುವುದು. ಹಾಕದಿದ್ದರೆ ತಿಂಗಳಲ್ಲಿ ತುಕ್ಕು ತಿಂದು ಮುಗಿಸ್ತದೆ." ಹಳಿಯ ತಿರುವಿಗೆ ಬೆರಳಿಂದಲೇ ಎಣ್ಣೆ ಸವರಿದರು. "ಇವನನ್ನು ಕರೆದುಕೊಂಡು ಹೋದ ಗಾಡಿಗಳನ್ನೇ ನೋಡಿದ್ದು ನಾನು. ಬಸ್ಸು, ಹಡಗು, ವಿಮಾನ. ಈಗ ರೈಲೂ ಬಂತು. ಹೊರಟು ಸುತ್ತಿ ಪುನಃ ನಮ್ಮ ಮನೆಗೇ ಬರುವ ಗಾಡಿ ಅಂತ ಇದ್ದರೆ ಇದೊಂದೇ. ಇದಕ್ಕೆ ತುಕ್ಕು ಹಿಡಿಯಲಿಕ್ಕೆ ಬಿಡುವುದಾ?"

ಲ್ಯಾಬಿನಲ್ಲಿ ತಪ್ಪು ಜೋಡಣೆ ಕಂಡರೆ ನಾನು ಇಡೀ ಕೋಣೆಗೆ ಕೇಳುವಂತೆ ಹೇಳುವವಳು. ಅವತ್ತು ಹೋಗಿ ಸ್ಟೂಲನ್ನು ಅಲುಗದಂತೆ ಹಿಡಿದು ನಿಂತೆ. ಉಳಿದ ಅರ್ಧ ಸುತ್ತಿಗೆ ಎಣ್ಣೆ ಹಚ್ಚುವಾಗ ಸ್ಟೂಲು ಹಿಡಿದವಳು ನಾನೇ.

ಅವರು ಹಿತ್ತಿಲಿಗೆ ಹೋದ ಮೇಲೆ ಹಮೀದನನ್ನೂ ನಫೀಸಾಳನ್ನೂ ಕೂರಿಸಿ ಹೇಳಿದೆ. ನನ್ನ ಚೀಲದಲ್ಲಿದ್ದ ಸ್ಪಿರಿಟ್ಟಿನ ಬಾಟಲಿ ತೆಗೆದು, ಹತ್ತಿ ಅದ್ದಿ, ಗೋಡೆಯ ಒಂದು ಬದಿಯ ಹಳಿಯನ್ನಷ್ಟೇ ಒರೆಸಿ ತೋರಿಸಿದೆ. ಹತ್ತಿ ಕಪ್ಪಾಯಿತು. ಗುಂಡಿ ತಿರುಗಿಸಿದಾಗ ಇಂಜಿನು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೊರಟಿತು. ಒರೆಸಿದ್ದು ಎಲ್ಲಿಗೆ ಮುಗಿಯಿತೋ ಅಲ್ಲಿಗೆ ಸರಿಯಾಗಿ ನಿಂತಿತು.

ಹಮೀದ್ ಹೊಟ್ಟೆ ಹಿಡಿದು ನಕ್ಕ. ಕೂತು ನಕ್ಕ, ಎದ್ದು ನಕ್ಕ. "ಉಮ್ಮ! ನನ್ನನ್ನು ಸೌದಿಗೆ ಕಳುಹಿಸುವುದು ಉಮ್ಮನ ಎಣ್ಣೆಯಾ!" ಎಂದ. ಹಾಗೆ ನಗುತ್ತಿದ್ದವನು ಉಮ್ಮ ಸ್ಟೂಲಿನ ಮೇಲಿಂದ ಆಡಿದ ಮಾತನ್ನು ನಾನು ಹೇಳಿದಾಗ ನಿಲ್ಲಿಸಿದ. ನಿಂತ ಇಂಜಿನನ್ನು ಕೈಯಲ್ಲಿ ಎತ್ತಿ ಅದರ ಚಕ್ರಗಳನ್ನು ಸುಮ್ಮನೆ ನೋಡುತ್ತ ಕೂತ.

"ಹೇಳಿಬಿಡುವ," ಎಂದಳು ನಫೀಸಾ. "ಎಣ್ಣೆ ಹಾಕಬೇಡಿ ಉಮ್ಮ ಅಂದರೆ ಮುಗಿಯಿತಲ್ಲ."

"ಬೇಡ," ಎಂದ ಹಮೀದ್.

"ಮತ್ತೆ? ಅವರು ದಿನಾ ಹಾಕುವುದು ಬಿಡುವುದಿಲ್ಲ. ಯಾರು ಒರೆಸುವುದು?"

"ನಾನು."

"ದಿನಾಲೂ?"

"ದಿನಾಲೂ."

ನಫೀಸಾ ಅವನ ಮುಖವನ್ನೇ ನೋಡಿದಳು. ಮೂಲೆಯಲ್ಲಿ ಎಣ್ಣೆ ಬಿಟ್ಟ ಬೀಗದ ಸೂಟ್‌ಕೇಸು ನಿಂತಿತ್ತು. ಅವಳು ಅದನ್ನು ಎತ್ತಿಕೊಂಡು ಒಳಗೆ ಹೋದಳು. ಅಟ್ಟದ ಏಣಿ ಕಿರುಗುಟ್ಟಿದ್ದು ಕೇಳಿತು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಶುರುವಾಯಿತು, ಬೇಕಾದ್ದಕ್ಕಿಂತ ಜೋರಾಗಿ.

ಟಿಕೇಟಿನ ದಿನ ದೊಡ್ಡ ರೈಲು ಅವನಿಲ್ಲದೆ ಹೋಯಿತು. ವೀಸಾದ ದಿನವೂ ಕಳೆಯಿತು. ಬೋರ್ಡು ರಸ್ತೆಗೆ ಮುಖ ತಿರುಗಿಸಿತು. ಅಂಗಡಿ ಭರ್ಜರಿಯಾಗಿ ನಡೆಯಿತು ಎಂದು ಬರೆದರೆ ನಫೀಸಾ ನಗುತ್ತಾಳೆ. ನಡೆಯಿತು, ಅಷ್ಟೇ. ಬೀಚಿಗೆ ಬಂದ ಮಕ್ಕಳು ಕತ್ತೆತ್ತಿ ಜ್ಯೂಸನ್ನು ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಿದ್ದರು, ಅಪ್ಪ ಅಮ್ಮಂದಿರು ಇನ್ನೊಂದು ಲೋಟ ಹೇಳುತ್ತಿದ್ದರು. ನನಗೆ ಅಲ್ಲಿ ಎಂದೂ ಬಿಲ್ಲು ಆಗಲಿಲ್ಲ. ಮೂರು ಕಂಟ್ರೋಲರುಗಳಲ್ಲಿ ಕೊನೆಗೆ ಉಳಿದದ್ದು ಮೊದಲನೆಯದೇ, ರಿಕ್ಷಾ ಬಲ್ಬಿನದ್ದು. ಅದರಲ್ಲಿ ಯಾವತ್ತೂ ಏನೂ ದೋಷ ಇರಲಿಲ್ಲ. ಆದರೂ ಅದು ಮೊದಲ ದಿನವೇ ಓಡಿ, ಓಡುತ್ತಲೇ ಇದ್ದಿದ್ದರೆ, ನಾನು ಒಂದು ಪತ್ತಿರಿ ತಿಂದು, ಒಂದು ಥ್ಯಾಂಕ್ಸ್ ತೆಗೆದುಕೊಂಡು, ಆ ಮನೆಯನ್ನು ಮರೆಯುತ್ತಿದ್ದೆ. ನಫೀಸಾ ಮತ್ತೆ ನನಗೆ ಸಿಕ್ಕಿದ್ದು ಆ ಹಾಳು ಬೆಳಗುಗಳಿಂದ. ಕೆಟ್ಟದ್ದನ್ನು ಮೇಜಿನಲ್ಲಿ ಕೂತು ಊಹಿಸದೆ, ಅದು ಕೆಡುವ ಹೊತ್ತಿಗೆ ಹೋಗಿ ನಿಂತು ನೋಡಬೇಕೆಂದು ಆಮೇಲೆ ಎಷ್ಟು ಹುಡುಗರಿಗೆ ಹೇಳಿದ್ದೇನೋ. ಯಾರಿಂದ ಕಲಿತೆ ಎಂದು ಹೇಳಿದರೆ ನಂಬುತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ.

ಎಷ್ಟೋ ತಿಂಗಳಾದ ಮೇಲೆ, ಮುಂದಿನ ಚಳಿಗಾಲವೇ ಇರಬೇಕು, ನಾನು ಬೆಳಿಗ್ಗೆ ಹೋದ ಒಂದು ದಿನ ಹಮೀದ್ ಸ್ಟೂಲಿನ ಮೇಲೆ ನಿಂತು ಹತ್ತಿಯಿಂದ ಹಳಿ ತಿಕ್ಕುತ್ತಿದ್ದ. ಉಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಅವನನ್ನು ನೋಡು," ಎಂದರು ಮೆಲ್ಲನೆ. "ನಾನು ಇಷ್ಟು ಕಷ್ಟಪಟ್ಟು ಎಣ್ಣೆ ಹಾಕಿ ಬರುವುದು. ನಾನು ಈಚೆ ಬಂದದ್ದೇ ತಡ, ಕಳ್ಳನ ಹಾಗೆ ಸ್ಟೂಲು ಹತ್ತಿ ಎಲ್ಲ ಒರೆಸಿ ತೆಗೀತಾನೆ. ದಿನಾಲೂ! ನನಗೆ ಗೊತ್ತಿಲ್ಲ ಅಂತ ಲೆಕ್ಕ ಅವನದ್ದು."

"ಕೇಳಲಿಲ್ವಾ ಉಮ್ಮ, ಯಾಕೆ ಅಂತ?"

"ಯಾಕೆ ಕೇಳುವುದು?" ಎಂದರು. "ಒರೆಸಲಿಕ್ಕಾದರೂ ಇಲ್ಲಿ ಇದ್ದಾನಲ್ಲ."

ಜಗಲಿಯ ಅಂಚಿಗೆ ಆಗಷ್ಟೇ ಬಿಸಿಲು ಬಂದಿತ್ತು. ಅವರು ಪಕ್ಕದಲ್ಲಿದ್ದ ಹೆಪ್ಪುಗಟ್ಟಿದ ಎಣ್ಣೆಯ ಕುಪ್ಪಿಯನ್ನು ನಿಧಾನವಾಗಿ ಆ ಬಿಸಿಲಿಗೆ ಸರಿಸಿಟ್ಟರು.